ಕುದ್ಮುಲ್ ರಂಗರಾಯರು



ನಮ್ಮ ಕಾಯ್ಕಿಣಿಯಿಂದ ಭಟ್ಕಳದ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಶಿರಾಲಿ ಗ್ರಾಮವು ಸಿಕ್ಕುತ್ತದೆ. ಅಲ್ಲಿ ಚಿತ್ರಾಪುರದ ಮಠವಿರುವದನ್ನು ನೀವೆಲ್ಲರೂ ಬಲ್ಲಿರಿ. ಆ ಮಠಕ್ಕೆ ನಡೆದುಕೊಳ್ಳುವ ಸಾರಸ್ವತ ಬ್ರಾಹ್ಮಣರಲ್ಲಿ ಅನೇಕರು ತಮ್ಮ ಹಿರಿಯರ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡಿದ್ದಾರೆ. ಕಾಯ್ಕಿಣಿ ಎಂಬ ಹೆಸರನ್ನು ಹೊತ್ತ ಮನೆತನಗಳು ಇರುವಂತೆಯೇ ಕುದ್ಮುಲ್ ಎಂಬ ಹೆಸರಿನ ಮನೆತನವೂ ಉಂಟು. ಆ ಮನೆತನದ ರಂಗರಾಯರ ಚರಿತ್ರೆಯನ್ನು ಈ ತಿಂಗಳು ನಿಮಗೆ ತಿಳಿಸಬೇಕೆಂದಿದ್ದೇವೆ.

ಈಗ ಚುನಾವಣೆಯ ದಿನ ಬಂದರೆ ಹಳ್ಳಿಯ ಶಾಲೆಯ ಮುಂದೆ ಧಣಿಯೂ ಕೂಲಿಯವನೂ, ಅತ್ತೆಯೂ ಸೊಸೆಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬನಿಗೆ ಒಂದೇ ಮತ. ಅದರ ಬೆಲೆ ಎಲ್ಲರಿಗೂ ಸಮವಾದದ್ದು. ಇದು ಯಾವಾಗಲೂ ಹೀಗೆಯೇ ಇತ್ತೆಂದು ನಮ್ಮ ಯೌವನಸ್ಥರು ನೆನಸಬಾರದು. ಆ ಸಾಲಿನಲ್ಲಿ ನಿಲ್ಲುವದಕ್ಕಿಂತ ಮುಂಚೆ ಮನುಷ್ಯನು ಇನ್ನೂ ಎಷ್ಟೋ ಸ್ಥಳಗಳಲ್ಲಿ ನಿಲ್ಲುವದಕ್ಕೆ ಹಕ್ಕು ಪಡೆಯಬೇಕಾಗಿತ್ತು. ರಂಗರಾಯರ ಜೀವಮಾನವೆಲ್ಲಾ ಆ ಕೆಲಸದಲ್ಲಿಯೇ ಕಳೆಯಿತು.

ಅವರು 1859ನೆಯ ಇಸವಿಯ ಜೂನ್ 29ರಂದು ಕಾಸರಗೋಡು ಸೀಮೆಯಲ್ಲಿ ಹುಟ್ಟಿದರು. ಆಗ ಕಾಸರಗೋಡು ಮಂಗಳೂರುಗಳಂತೆ ನಮ್ಮ ಹೊನ್ನಾವರ ಕುಮಟೆಗಳೂ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದವು. 1862ರಲ್ಲಿ ನಮ್ಮ ಭಾಗವು ಬೊಂಬಾಯಿ ಆಧಿಪತ್ಯಕ್ಕೆ ಹೋಯಿತು. ರಂಗರಾಯರು ಬಡತನದಲ್ಲಿ ಬೆಳೆದು, ಎಳೆಯ ಪ್ರಾಯದಲ್ಲಿಯೇ ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ಪಾಠ ಹೇಳುತ್ತಲೇ ತಾವೂ ಓದಿ, ವಕೀಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನ್ಯಾಯಸ್ಥಾನದಲ್ಲಿ ವಾದಿಸತೊಡಗಿದರು. ಬಡವರ ವಕೀಲರೆಂದು ಹೆಸರು ಬಂತು. ಅಂಥ ಹೆಸರಿನಿಂದ ಹಣವು ಬರುವದಿಲ್ಲವೆಂಬದನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಉಳ್ಳಾಲ ರಘುನಾಥಯ್ಯನವರೇ ಮೊದಲಾದ ಸುಧಾರಕರ ಸಹವಾಸದಿಂದ ಅವರು ಬ್ರಹ್ಮಸಮಾಜಕ್ಕೆ ಸೇರಿ, ಜಾತಿಭೇದವನ್ನು ಮನಸ್ಸಿನಿಂದ ತೆಗೆದುಹಾಕಿದರು.

ಆ ಕಾಲದ ಮಂಗಳೂರು ಹಳೆಯ ಬಂದರು ಪಟ್ಟಣವಾಗಿ ಮಾತ್ರ ಉಳಿದಿರಲಿಲ್ಲ. ಬಾಸೆಲ್ ಮಿಶನಿನವರು 1841ರಲ್ಲಿ ಮುದ್ರಾಲಯವನ್ನೂ, ಬಳಿಕ ನೇಯಿಗೆಯ ಶಾಲೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದ್ದರು. ಅದನ್ನು ಕಂಡು ಬೇರೆಯವರೂ ನದಿಯ ದಡದಲ್ಲಿ ಹಂಚಿನ ಕಾರ್ಖಾನೆಗಳನ್ನು ಕಟ್ಟಿದರು. ಚಿಮಣಿಗಳ ಹೊಗೆ ಎದ್ದಿತು. ವಾರದ ಕೂಲಿ ಎಂಬದು ಜನರಿಗೆ ಪರಿಚಯವಾಯಿತು. ಆದರೂ ಅಸ್ಪೃಶ್ಯರೆನಿಸಿಕೊಂಡವರ ಸ್ಥಿತಿಯು ಹೊಗೆಯೊಡನೆ ಮೇಲಕ್ಕೇರಲಿಲ್ಲ. ತಲೆತಲಾಂತರದಿಂದ ಧಣಿಗಳ ಹೊಲದಲ್ಲಿ ದುಡಿದವರ ಮಕ್ಕಳಿಗೆ ಪಟ್ಟಣದಲ್ಲಿ ಸಿಕ್ಕುತ್ತಿದ್ದದ್ದು ಮಲ ಬಳಿಯುವ ಕೆಲಸ ಮತ್ತು ಅಂಥವೇ ಕೆಲವು. ಅಕ್ಷರವಿಲ್ಲದವನನ್ನು ಹೊಸ ಕಾಲವು ಹಳೆಯ ಜಾಗದಲ್ಲಿಯೇ ಕೂರಿಸಿತು. ಶಾಲೆಯೋ, ಅವರಿಗೆ ಮುಚ್ಚಿದ ಬಾಗಿಲು.

ರಂಗರಾಯರು ಇದನ್ನು ಕಂಡು ಸುಮ್ಮನಿರಲಾರದೆ 1892ರ ಸುಮಾರಿಗೆ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗೋಸ್ಕರ ಒಂದು ಚಿಕ್ಕ ಶಾಲೆಯನ್ನು ತೆರೆದರು. ಸ್ಥಳ ಕೊಡುವವರಿಲ್ಲ, ಪಾಠ ಹೇಳುವವರಿಲ್ಲ. ಮೇಲು ಜಾತಿಯ ಉಪಾಧ್ಯಾಯರು ಆ ಮಕ್ಕಳ ಹತ್ತಿರ ಸುಳಿಯಲೊಲ್ಲರು. ಆದದರಿಂದ ಕ್ರೈಸ್ತ ಉಪಾಧ್ಯಾಯರನ್ನು ಹುಡುಕಿ ನೇಮಿಸಿದರು. ನಮ್ಮ ಸಭೆಗಳವರು ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳುವದು ಒಳ್ಳೇದು. ಮಗುವು ಶಾಲೆಗೆ ಬಂದರೆ ಮನೆಯ ಒಂದು ದಿನದ ಸಂಪಾದನೆ ತಪ್ಪುತ್ತದೆಂದು ತಿಳಿದು, ಮಕ್ಕಳಿಗೆ ಊಟವನ್ನೂ ತಾಯಿತಂದೆಗಳ ಕೈಗೆ ಸ್ವಲ್ಪ ಕಾಸನ್ನೂ ಕೊಡುತ್ತಿದ್ದರು. ಬರೀ ಉಪದೇಶದಿಂದ ಹಸಿದ ಮಗುವು ಅಕ್ಷರ ಕಲಿಯದೆಂಬದನ್ನು ಅವರು ಬಲ್ಲವರಾಗಿದ್ದರು.

1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಹೆಸರಿನಿಂದ ಒಂದು ಸಂಸ್ಥೆಯು ಏರ್ಪಟ್ಟಿತು. ಕ್ರಮೇಣ ಬೇರೆ ಕಡೆಗಳಲ್ಲಿಯೂ ಶಾಲೆಗಳು ಹುಟ್ಟಿದವು. ನೇಯಿಗೆ ಬಡಗಿ ಕೆಲಸಗಳನ್ನು ಕಲಿಸುವ ಏರ್ಪಾಡೂ, ವಿದ್ಯಾರ್ಥಿಗಳಿಗೆ ವಸತಿಯೂ ಆದವು. ಇಷ್ಟಾದರೂ ರಂಗರಾಯರಿಗೆ ಸಮಾಧಾನವಿಲ್ಲ. ಯಾಕಂದರೆ ಗುಡಿಸಲಿನ ನೆಲವು ಪರರದಾಗಿದ್ದರೆ, ಎದುರುಮಾತಾಡಿದ ದಿನವೇ ಧಣಿಯು ಒಕ್ಕಲೆಬ್ಬಿಸುವನು. ಆದದರಿಂದ ಅವರು ಸರಕಾರದಿಂದ ಭೂಮಿಯನ್ನು ಪಡೆದು, ಈ ಜನರನ್ನು ಅವರದೇ ಆದ ನೆಲದಲ್ಲಿ ನೆಲೆಗೊಳಿಸಲು ಪ್ರಯಾಸಪಟ್ಟರು. ಸಾಲಗಾರರ ಕೈಯಿಂದ ಬಿಡಿಸುವದಕ್ಕೆ ಸಹಕಾರ ಸಂಘವನ್ನೂ ಕಟ್ಟಿದರು.

ಇದರ ಪ್ರತಿಫಲವೇನು? ಸ್ವಜಾತಿಯವರು ಬಹಿಷ್ಕಾರ ಹಾಕಿದರು. ನೆಂಟರು ದೂರವಾದರು, ಮದುವೆ ಮುಂಜಿಗಳ ಪಂಕ್ತಿ ತಪ್ಪಿತು, ಬೀದಿಯಲ್ಲಿ ನಿಂದೆಯ ಮಾತುಗಳನ್ನು ಕೇಳಬೇಕಾಯಿತು. ಇದೆಲ್ಲಾ ಅವರೊಬ್ಬರಿಗೆ ಮಾತ್ರವಲ್ಲ, ಮನೆಯ ಹೆಂಗಸರಿಗೂ ಮಕ್ಕಳಿಗೂ ತಗಲಿತು. ಹೊರಗಿಡಲ್ಪಟ್ಟವರ ಸಂಕಟವೇನೆಂಬದನ್ನು ಆ ಮನೆಯು ಪರರಿಂದ ಕೇಳಿ ತಿಳಿಯಲಿಲ್ಲ, ತಾನೇ ಉಂಡು ತಿಳಿಯಿತು.

ಇನ್ನು ಮತದ ವಿಷಯಕ್ಕೆ ಬರೋಣ. 1919ರ ಕಾಯಿದೆಯ ಪ್ರಕಾರ ಮದ್ರಾಸಿನ ಶಾಸನಸಭೆಗೆ ಚುನಾವಣೆಗಳು ನಡೆಯತೊಡಗಿದವು. ಆದರೆ ಮತದ ಹಕ್ಕು ಯಾರಿಗೆ? ತೀರ್ವೆ ಕಟ್ಟುವವನಿಗೆ, ಆಸ್ತಿಯುಳ್ಳವನಿಗೆ. ತೀರ್ವೆ ಕಟ್ಟುವದಕ್ಕೆ ಭೂಮಿ ಬೇಕು. ಭೂಮಿಯ ಕಾಗದವನ್ನು ಓದುವದಕ್ಕೆ ಅಕ್ಷರ ಬೇಕು. ಎರಡೂ ಇಲ್ಲದ ಜನರು ಸಂಖ್ಯೆಯಲ್ಲಿ ಬಹಳವಾಗಿದ್ದಾಗ್ಯೂ ಮತದಾರರ ಪಟ್ಟಿಯಲ್ಲಿ ಇಲ್ಲದವರೇ ಆದರು. ಅವರ ಪರವಾಗಿ ಕೆಲವರನ್ನು ಸರಕಾರವೇ ನೇಮಿಸುತ್ತಿತ್ತು. ಮಂಗಳೂರಿನಲ್ಲಿಯೂ ರಂಗರಾಯರ ಪ್ರಯತ್ನದಿಂದ ಆದಿದ್ರಾವಿಡ ಸಮಾಜದವರು ಸ್ಥಳಿಕ ಸಭೆಗಳಲ್ಲಿ ನೇಮಕದ ಮೂಲಕ ಸ್ಥಾನ ಪಡೆದರು. ಬೇರೆಯವರು ಎಷ್ಟು ಪ್ರೀತಿಯಿಂದ ಮಾತಾಡಿದರೂ ಅದು ಎರವಲು ಬಾಯಿ. ತನ್ನ ಕಷ್ಟವನ್ನು ತಾನೇ ಹೇಳುವವನು ಸಭೆಯಲ್ಲಿ ಕೂರಬೇಕು. ಇಷ್ಟು ವರುಷ ಅವರ ಪರವಾಗಿ ತಾವೇ ವಾದಿಸಿದ ವಕೀಲರು ಈಗ ಅವರಿಗೇ ಪೀಠವನ್ನು ಬಿಟ್ಟುಕೊಟ್ಟದ್ದು ನಮ್ಮ ದೃಷ್ಟಿಯಲ್ಲಿ ದೊಡ್ಡ ಗುಣವು. ಉಪಕಾರ ಮಾಡುವವರು ಅನೇಕರು. ಉಪಕಾರ ಪಡೆದವನು ತನಗೆ ಸಮನಾಗುವದನ್ನು ಸಹಿಸುವವರು ಕೊಂಚವೇ.

ಆ ಸಮಾಜದ ಒಂದು ಮಗುವು ವಿದ್ಯೆ ಕಲಿತು, ದೊಡ್ಡ ಉದ್ಯೋಗದಲ್ಲಿದ್ದು, ಊರಿನ ಬೀದಿಯಲ್ಲಿ ಮೋಟಾರು ಗಾಡಿಯಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವಾಯಿತೆಂಬದು ಅವರ ಬಯಕೆಯಾಗಿತ್ತೆಂದು ಮಂಗಳೂರಿನವರು ಈಗಲೂ ಹೇಳುತ್ತಾರೆ. ಕಡೆಯ ಕಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1928ನೆಯ ಇಸವಿಯ ಜನವರಿ 30ರಂದು ಅವರು ತೀರಿಹೋದರು. ತಾವು ಯಾರಿಗೋಸ್ಕರ ದುಡಿದರೋ ಅವರೇ ತಮ್ಮ ಶವವನ್ನು ಹೊರಬೇಕೆಂಬದು ಅವರ ಇಚ್ಛೆಯಾಗಿತ್ತು. ಅವರ ಸಮಾಧಿಯು ಮಂಗಳೂರಿನಲ್ಲಿದೆ.

ತಂದೆಯ ಕೆಲಸವು ಮಗಳ ಕೈಯಲ್ಲಿ ಮುಂದುವರಿಯಿತು. 1891ರಲ್ಲಿ ಹುಟ್ಟಿದ ರಾಧಾಬಾಯಿಯವರನ್ನು ರಂಗರಾಯರು ಚೆನ್ನಾಗಿ ಓದಿಸಿ, ತಮಿಳು ಸೀಮೆಯ ಕುಮಾರಮಂಗಲದ ಜಮೀನುದಾರರಾದ ಪಿ. ಸುಬ್ಬರಾಯನ್ ಎಂಬವರಿಗೆ, ಜಾತಿಯೂ ಭಾಷೆಯೂ ಬೇರೆಯಾಗಿದ್ದಾಗ್ಯೂ, ಮದುವೆ ಮಾಡಿಕೊಟ್ಟಿದ್ದರು. ಅಳಿಯನು 1926ರಲ್ಲಿ ಮದ್ರಾಸಿನ ಪ್ರಧಾನ ಮಂತ್ರಿಯಾದನು. ರಾಧಾಬಾಯಿಯವರು 1930ರಲ್ಲಿ ಬೇಗಂ ಶಾಹನವಾಜರೊಡನೆ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. ಬಳಿಕ, ಮತದ ಹಕ್ಕು ಯಾರಿಗೆ ದೊರೆಯಬೇಕೆಂಬದನ್ನು ವಿಚಾರಿಸಲು ಲೋಥಿಯನ್ ಪ್ರಭುವಿನ ಕೆಳಗೆ ನೇಮಕವಾದ ಸಮಿತಿಯಲ್ಲಿಯೂ ಸದಸ್ಯೆಯಾದರು.

ಆಗ ಸ್ತ್ರೀಯರಲ್ಲಿಯೇ ಒಂದು ವಾದವೆದ್ದಿತು. ಪ್ರಾಯಕ್ಕೆ ಬಂದ ಎಲ್ಲರಿಗೂ ಮತ ಬೇಕು, ಸ್ತ್ರೀಯರಿಗೆ ಬೇರೆ ಪೀಠಗಳು ಬೇಡ ಎಂದು ದೊಡ್ಡ ಮಹಿಳಾ ಸಂಘಗಳು ಹಟ ಹಿಡಿದವು. ಪೀಠಗಳನ್ನು ಕಾದಿಡದಿದ್ದರೆ ಸ್ತ್ರೀಯರು ಸಭೆಯ ಹೊಸ್ತಿಲನ್ನೇ ದಾಟಲಾರರೆಂದು ರಾಧಾಬಾಯಿಯವರು ವಾದಿಸಿ, ಅದಕ್ಕಾಗಿ ಬಹಳ ನಿಂದೆಯನ್ನು ಹೊತ್ತರು. ಎರಡು ಪಕ್ಷದಲ್ಲಿಯೂ ನ್ಯಾಯವಿತ್ತೆಂದು ನಮಗೆ ತೋರುತ್ತದೆ. 1935ರ ಕಾಯಿದೆಯಿಂದ ಮತದಾರರು ಮೂರು ಕೋಟಿಗೆ ಏರಿದರು. ಅವರಲ್ಲಿ ಸ್ತ್ರೀಯರು ಸುಮಾರು 60 ಲಕ್ಷ. ಪ್ರಾಂತಗಳ ಸಭೆಗಳಲ್ಲಿ ಸ್ತ್ರೀಯರಿಗೆ 41 ಪೀಠಗಳು ಕಾದಿಡಲ್ಪಟ್ಟವು. 1932ರ ಪುಣೆಯ ಒಪ್ಪಂದದಂತೆ ದಲಿತರಿಗೂ ನೇಮಕದ ಬದಲಾಗಿ ಚುನಾವಣೆಯ ಪೀಠಗಳು ದೊರೆತವು. 1938ರಲ್ಲಿ ರಾಧಾಬಾಯಿಯವರು ದಿಲ್ಲಿಯ ರಾಜ್ಯಪರಿಷತ್ತಿಗೆ ಚುನಾಯಿತರಾದರು. ಆ ಸಭೆಗೆ ಸ್ತ್ರೀಯೊಬ್ಬಳು ಬಂದದ್ದು ಅದೇ ಮೊದಲು.

ತರುವಾಯ 1950ರ ಜನವರಿ 26ರಂದು ನಮ್ಮ ರಾಜ್ಯಾಂಗವು ಜಾರಿಗೆ ಬಂದಾಗ ತೀರ್ವೆ, ಅಕ್ಷರ, ಜಾತಿ, ಲಿಂಗ ಎಂಬ ಎಲ್ಲಾ ಬೇಲಿಗಳು ಬಿದ್ದವು. 21 ವರುಷ ತುಂಬಿದವರಿಗೆಲ್ಲಾ ಮತ. 1989ರಿಂದ 18 ವರುಷದವರಿಗೂ ಮತ. 1951–52ರ ಮೊದಲನೆಯ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಜನರ ಹೆಸರು ಪಟ್ಟಿಯಲ್ಲಿತ್ತು. ರಂಗರಾಯರು ಅದನ್ನು ಕಾಣಲಿಲ್ಲ. ಆದರೆ ಮಂಗಳೂರಿನ ಪುರಭವನವು ಈಗ ಅವರ ಹೆಸರನ್ನು ಹೊತ್ತಿದೆ. ಒಂದು ಕಾಲದಲ್ಲಿ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರ ಹೆಸರಿನ ಚಾವಡಿಯಲ್ಲಿ ಎಲ್ಲಾ ಜಾತಿಯವರೂ ಒಟ್ಟಾಗಿ ಕೂರುತ್ತಾರೆ.

ಪ್ರಿಯರೇ, ಮತಪತ್ರವು ಒಂದೇ ದಿನದಲ್ಲಿ ಬಂದದ್ದಲ್ಲ. ಒಂದು ಸ್ಲೇಟು, ಒಂದು ಹೊತ್ತಿನ ಊಟ, ಗುಡಿಸಲಿನ ಕೆಳಗಿನ ಒಂದು ತುಂಡು ನೆಲ, ಸಭೆಯಲ್ಲಿ ಒಂದು ಪೀಠ, ಹೀಗೆ ಮೆಟ್ಟಲು ಮೆಟ್ಟಲಾಗಿ ಅದು ಬಡವನ ಕೈಗೆ ಬಂತು. ಆದದರಿಂದ ಮುಂದಿನ ಚುನಾವಣೆಯಲ್ಲಿ ಯಾರಾದರೂ ನೋಟು ಇಲ್ಲವೆ ಸೀಸೆಯನ್ನು ಹಿಡಿದು ನಿಮ್ಮ ಅಂಗಳಕ್ಕೆ ಬಂದರೆ, ಅವರು ಕೊಂಡುಕೊಳ್ಳಲು ಬಂದದ್ದು ಯಾವ ಬೆಲೆಯ ವಸ್ತುವೆಂಬದನ್ನು ಒಂದು ಕ್ಷಣ ಯೋಚಿಸಿರಿ. ಮತ್ತು ನಮ್ಮ ಕೇರಿಯಲ್ಲಿ ಶಾಲೆ ಬಿಟ್ಟ ಮಗುವೊಂದಿದ್ದರೆ, ಅದನ್ನು ನಾಳೆಯೇ ಕೈಹಿಡಿದು ಶಾಲೆಗೆ ಕರಕೊಂಡು ಹೋಗೋಣ. ರಂಗರಾಯರು ಆರಂಭಿಸಿದ್ದು ಅಲ್ಲಿಂದಲೇ.