ಹುಯಿಲಗೋಳ ನಾರಾಯಣರಾಯರು

ಹುಯಿಲಗೋಳ ನಾರಾಯಣರಾಯರು (ಅಕ್ಟೋಬರ್ 4, 1884 – ಜುಲೈ 4, 1971) ಗದಗಿನ ವಕೀಲರು, ಕವಿ ಮತ್ತು ನಾಟಕಕಾರರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾದ, ‘ಉದಯವಾಗಲಿ’ ಎಂದು ಆರಂಭವಾಗುವ ನಾಡಗೀತೆಯ ಕರ್ತೃವಾಗಿ ಇವರು ಪ್ರಸಿದ್ಧರು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಮತ್ತು ಹಲವು ನ್ಯಾಯಾಲಯ ವ್ಯವಸ್ಥೆಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ಇವರು ಗದಗಿನಲ್ಲಿ ವಕೀಲಿ ನಡೆಸಿದರು.

ಜನನ ಮತ್ತು ಶಿಕ್ಷಣ

ನಾರಾಯಣರಾಯರು ಗದಗಿನಲ್ಲಿ ಜನಿಸಿದರು. ತಂದೆ ಕೃಷ್ಣರಾಯರು. ಮನೆತನದ ಹೆಸರು ಗದಗ ತಾಲೂಕಿನ ಹುಯಿಲಗೋಳ ಗ್ರಾಮದಿಂದ ಬಂದದ್ದು. ಧಾರವಾಡದಲ್ಲಿ ಮಾಧ್ಯಮಿಕ ಶಿಕ್ಷಣ ಪಡೆದು 1902ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿ 1907ರಲ್ಲಿ ಬಿ.ಎ. ಪದವಿ ಪಡೆದರು. ಬಳಿಕ ಮುಂಬಯಿಯಲ್ಲಿ ಕಾನೂನು ಅಭ್ಯಾಸ ಮಾಡಿದರು. ಕೆಲಕಾಲ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದು, 1911ರಲ್ಲಿ ಗದಗಿಗೆ ಮರಳಿ ವಕೀಲಿ ವೃತ್ತಿಯನ್ನು ಕೈಗೊಂಡರು.

ಅಂದಿನ ನ್ಯಾಯಾಲಯಗಳು

ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ದಿವಾಣಿ ನ್ಯಾಯಾಲಯಗಳು 1869ರ ಮುಂಬಯಿ ಸಿವಿಲ್ ನ್ಯಾಯಾಲಯಗಳ ಕಾಯಿದೆಯಂತೆ ರಚಿತವಾಗಿದ್ದವು. ಜಿಲ್ಲಾ ನ್ಯಾಯಾಧೀಶರ ಕೆಳಗೆ ಎರಡು ದರ್ಜೆಯ ಸಬ್ ಜಡ್ಜರಿದ್ದರು. ಎರಡನೆಯ ದರ್ಜೆಯವರು 5,000 ರೂಪಾಯಿಯೊಳಗಿನ ದಾವೆಗಳನ್ನಷ್ಟೇ ವಿಚಾರಿಸಬಹುದಿತ್ತು. ಮೊದಲ ದರ್ಜೆಯವರಿಗೆ ಈ ಮಿತಿ ಇರಲಿಲ್ಲ. ಸಣ್ಣ ದಾವೆಗಳ ಮೇಲ್ಮನವಿ ಧಾರವಾಡದ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತಿತ್ತು. 5,000 ರೂಪಾಯಿಗೂ ಮೇಲ್ಪಟ್ಟ ದಾವೆಗಳ ಮೇಲ್ಮನವಿ ನೇರವಾಗಿ, 1862ರಲ್ಲಿ ಸ್ಥಾಪನೆಯಾದ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ಹೈಕೋರ್ಟಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹೊಲದ ಬದುವಿನ ಬಗ್ಗೆ ಕನ್ನಡದಲ್ಲಿ ಸಾಕ್ಷಿ ನುಡಿದ ಒಕ್ಕಲಿಗನಿಗೆ, ತನ್ನ ವ್ಯಾಜ್ಯದ ಕೊನೆಯ ತೀರ್ಪನ್ನು ವಕೀಲರ ಬಾಯಿಂದಲೇ ತಿಳಿಯಬೇಕಾಗಿತ್ತು.

ಗದಗಿನ ಸುತ್ತಲಿನ ಊರುಗಳ ಸ್ಥಿತಿ ಇನ್ನೂ ತೊಡಕಿನದಾಗಿತ್ತು. ಮುಂಡರಗಿ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಈ ಸಂಸ್ಥಾನಗಳಿಗೆ ಅವುಗಳದೇ ನ್ಯಾಯಾಲಯಗಳಿದ್ದವು. ಮುಂಡರಗಿಯ ಪೂರ್ವಕ್ಕಿರುವ ಕೊಪ್ಪಳದ ಸೀಮೆ ನಿಜಾಮರ ಹೈದರಾಬಾದಿನಲ್ಲಿತ್ತು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದು, ಅಲ್ಲಿಯ ಮೇಲ್ಮನವಿಗಳು ಮದರಾಸು ಹೈಕೋರ್ಟಿಗೆ ಹೋಗುತ್ತಿದ್ದವು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಂಸ್ಥಾನದ ನ್ಯಾಯಾಲಯ ಬ್ರಿಟಿಷ್ ಭಾರತದ ಪಾಲಿಗೆ ವಿದೇಶೀ ನ್ಯಾಯಾಲಯವಾಗಿತ್ತು. ಹೀಗಾಗಿ ಗದಗಿನಿಂದ ಸುಮಾರು 40 ಕಿಲೋಮೀಟರು ದೂರದ ಲಕ್ಷ್ಮೇಶ್ವರವೂ ಕಾನೂನಿನ ದೃಷ್ಟಿಯಲ್ಲಿ ಪರನಾಡು. ಸರ್ಕಾರವು ಅಧಿಸೂಚನೆ ಹೊರಡಿಸಿದ ಸಂಸ್ಥಾನಗಳ ಡಿಕ್ರಿಗಳನ್ನು ಮಾತ್ರ ಬ್ರಿಟಿಷ್ ಸೀಮೆಯಲ್ಲಿ ನೇರವಾಗಿ ಜಾರಿ ಮಾಡಬಹುದಿತ್ತು. ಉಳಿದ ಸಂಸ್ಥಾನಗಳಲ್ಲಿ ಗೆದ್ದವನು ಆ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ಹೊಸದಾಗಿ ದಾವೆ ಹೂಡಬೇಕಿತ್ತು. ಒಂದೇ ಭಾಷೆಯನ್ನಾಡುತ್ತ, ಒಂದೇ ಪೇಟೆಯಲ್ಲಿ ಹತ್ತಿ ಮಾರುತ್ತಿದ್ದ ಜನರಿಗೆ ಸಾಲ ವಸೂಲಿ, ಆಸ್ತಿ ಹಂಚಿಕೆಯಂತಹ ವ್ಯಾಜ್ಯಗಳಲ್ಲಿ ಈ ಗಡಿಗಳು ಅಡ್ಡವಾಗುತ್ತಿದ್ದವು.

ಏಕೀಕರಣ ಮತ್ತು ನಾಡಗೀತೆ

ಈ ಹಂಚಿಕೆಯ ವಿರುದ್ಧ ಎದ್ದ ಕರ್ನಾಟಕ ಏಕೀಕರಣ ಚಳವಳಿಯಲ್ಲಿ ವಕೀಲರ ಪಾತ್ರ ದೊಡ್ಡದು. ಚಳವಳಿಯ ಪ್ರವರ್ತಕರಾದ ಆಲೂರು ವೆಂಕಟರಾಯರು ಧಾರವಾಡದಲ್ಲಿ ವಕೀಲಿ ಮಾಡಿದವರು. ಮಹಾತ್ಮ ಗಾಂಧಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ನಡೆಯಿತು. ಅದೇ ಸಂದರ್ಭದಲ್ಲಿ ಬೆಳಗಾವಿಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಅದರ ಅಧ್ಯಕ್ಷರಾಗಿದ್ದ ಸಿದ್ದಪ್ಪ ಕಂಬಳಿಯವರೂ ವಕೀಲರೇ. ನಾರಾಯಣರಾಯರ ಗೀತೆ ಈ ಅಧಿವೇಶನದಲ್ಲಿ ಮೊಳಗಿ, ಮುಂದೆ ಏಕೀಕರಣದ ಸಭೆಗಳಲ್ಲೆಲ್ಲ ಕೇಳಿಬರತೊಡಗಿತು. ಅಧಿವೇಶನದಲ್ಲಿ ಹಾಡಿದ ಬಾಲಕಿಯರಲ್ಲಿ ಮುಂದೆ ಹಿಂದುಸ್ತಾನಿ ಸಂಗೀತದಲ್ಲಿ ಹೆಸರಾದ ಗಂಗೂಬಾಯಿ ಹಾನಗಲ್ ಒಬ್ಬರು.

ಸಾಹಿತ್ಯ

ವಕೀಲಿಯ ಜೊತೆಗೆ ನಾರಾಯಣರಾಯರು ರಂಗಭೂಮಿಗಾಗಿ ಅನೇಕ ನಾಟಕಗಳನ್ನು ರಚಿಸಿದರು. ‘ವಜ್ರಮುಕುಟ’, ‘ಪ್ರೇಮಾರ್ಜುನ’, ‘ಉತ್ತರ ಗೋಗ್ರಹಣ’, ‘ವಿದ್ಯಾರಣ್ಯ’, ‘ಪತಿತೋದ್ಧಾರ’ ಇವುಗಳಲ್ಲಿ ಕೆಲವು. ‘ಮೂಡಲು ಹರಿಯಿತು’ ಇವರ ಕಾದಂಬರಿ. ಪುರಾಣ ಮತ್ತು ಕರ್ನಾಟಕದ ಇತಿಹಾಸ ಇವರ ನಾಟಕಗಳ ಮುಖ್ಯ ಆಕರಗಳು.

ಕೊನೆಯ ವರ್ಷಗಳು ಮತ್ತು ನಂತರ

1948ರಲ್ಲಿ ಸಾಂಗಲಿ ಮತ್ತು ಮೀರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಲ್ಲಿಗೆ ಶಿರಹಟ್ಟಿ, ಲಕ್ಷ್ಮೇಶ್ವರಗಳ ನ್ಯಾಯಾಲಯಗಳು ಪರಕೀಯವಾಗಿ ಉಳಿಯಲಿಲ್ಲ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿ, ಗದಗಿನ ಮೇಲ್ಮನವಿಗಳು ಬೆಂಗಳೂರಿನ ಮೈಸೂರು ಹೈಕೋರ್ಟಿಗೆ ಹೋಗತೊಡಗಿದವು. ಕೊಪ್ಪಳದ ಜನರಿಗೂ ಅದೇ ಹೈಕೋರ್ಟು ಆಯಿತು. ಬಳ್ಳಾರಿಯ ಬಹುಭಾಗ 1953ರಲ್ಲಿಯೇ ಮೈಸೂರಿಗೆ ಸೇರಿತ್ತು. ನಾರಾಯಣರಾಯರು ಈ ಬದಲಾವಣೆಯನ್ನು ಕಂಡು ಹದಿನೈದು ವರ್ಷ ಬಾಳಿ, 1971ರಲ್ಲಿ ನಿಧನರಾದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಒಂದು ರಾಜ್ಯವಾದರೂ ಹೈಕೋರ್ಟು ಉತ್ತರ ಕರ್ನಾಟಕದವರಿಗೆ ದೂರದಲ್ಲೇ ಉಳಿಯಿತು. ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ 2008ರ ಜುಲೈಯಲ್ಲಿ ಆರಂಭವಾಗಿ, 2013ರಲ್ಲಿ ಕಾಯಂ ಪೀಠವಾಯಿತು. 1997ರಲ್ಲಿ ರಚನೆಯಾದ ಗದಗ ಜಿಲ್ಲೆ ಈ ಪೀಠದ ವ್ಯಾಪ್ತಿಯಲ್ಲಿದೆ. ಒಂದು ಕಾಲಕ್ಕೆ ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದ ಗದಗ, ಮುಂಡರಗಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳ ವ್ಯಾಜ್ಯಗಳು ಇಂದು ಒಂದೇ ಜಿಲ್ಲೆಯ ನ್ಯಾಯಾಲಯಗಳಲ್ಲಿ ಇತ್ಯರ್ಥವಾಗುತ್ತವೆ.