ಹಾರ್ವೆ ಕುಶಿಂಗ್

ಹಾರ್ವೆ ವಿಲಿಯಮ್ಸ್ ಕುಶಿಂಗ್ (ಏಪ್ರಿಲ್ 8, 1869 – ಅಕ್ಟೋಬರ್ 7, 1939) ಅಮೆರಿಕದ ಸುಪ್ರಸಿದ್ಧ ಶಸ್ತ್ರವೈದ್ಯರು ಮತ್ತು ಲೇಖಕರು. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ವೈದ್ಯಶಾಖೆಯಾಗಿ ಬೆಳೆಸಿದವರಲ್ಲಿ ಅಗ್ರಗಣ್ಯರು. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ರೋಗಿಯ ರಕ್ತದೊತ್ತಡವನ್ನು ಅಳೆದು ದಾಖಲಿಸುವ ಪದ್ಧತಿಯನ್ನು ಅಮೆರಿಕದಲ್ಲಿ ಬಳಕೆಗೆ ತಂದ ಕೀರ್ತಿಯಲ್ಲಿ ಇವರ ಪಾಲು ದೊಡ್ಡದು. ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿದಾಗ ರಕ್ತದೊತ್ತಡವೂ ಏರುವುದೇಕೆ ಎಂಬುದನ್ನು ಇವರು ಪ್ರಯೋಗಗಳ ಮೂಲಕ ವಿವರಿಸಿದರು. ಆ ದೇಹಕ್ರಿಯೆಗೆ ಇಂದಿಗೂ ಕುಶಿಂಗ್ ಪ್ರತಿವರ್ತನೆ ಎಂಬ ಹೆಸರಿದೆ.

ಜನನ ಮತ್ತು ವಿದ್ಯಾಭ್ಯಾಸ

ಕುಶಿಂಗ್ ಅವರು ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜನಿಸಿದರು. ತಂದೆ ಹೆನ್ರಿ ಕರ್ಕ್ ಕುಶಿಂಗ್, ತಾಯಿ ಬೆಟ್ಸಿ ಮರಿಯಾ ವಿಲಿಯಮ್ಸ್. ಹತ್ತು ಮಂದಿ ಮಕ್ಕಳಲ್ಲಿ ಇವರೇ ಕಿರಿಯರು. ತಂದೆ, ತಾತ ಮತ್ತು ಮುತ್ತಾತ ವೈದ್ಯರಾಗಿದ್ದುದರಿಂದ ವೈದ್ಯವೃತ್ತಿಯು ಮನೆತನದ ಬಳುವಳಿಯಾಗಿ ಬಂದಿತ್ತು. 1891ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಪದವಿಯನ್ನೂ 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯ ಪದವಿಯನ್ನೂ ಪಡೆದರು.

ಈಥರ್ ಪಟ್ಟಿಗಳು

ಆ ಕಾಲದಲ್ಲಿ ರೋಗಿಗೆ ಅರಿವಳಿಕೆ ನೀಡುವ ಕೆಲಸವನ್ನು ಅನುಭವವಿಲ್ಲದ ವಿದ್ಯಾರ್ಥಿಗಳಿಗೆ ವಹಿಸುವುದು ವಾಡಿಕೆಯಾಗಿತ್ತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕುಶಿಂಗ್ ಈಥರ್ ನೀಡುತ್ತಿದ್ದಾಗ ರೋಗಿಯೊಬ್ಬರು ಮೃತಪಟ್ಟರು. ಈ ಸಾವು ಅವರನ್ನು ಬಹುವಾಗಿ ಕಲಕಿತು. ವೈದ್ಯವೃತ್ತಿಯನ್ನೇ ತೊರೆಯುವ ಯೋಚನೆಯೂ ಅವರಿಗೆ ಬಂದಿತ್ತು. ಆದರೆ ಅವರು ಕಲಿಕೆಯನ್ನು ಮುಂದುವರಿಸಿ, ಇಂತಹ ಸಾವುಗಳನ್ನು ತಡೆಯುವ ಬಗೆಯನ್ನು ಹುಡುಕತೊಡಗಿದರು.

ಸಹಪಾಠಿ ಅರ್ನೆಸ್ಟ್ ಅಮೋರಿ ಕಾಡ್‌ಮನ್ ಅವರೊಡನೆ ಸೇರಿ, ಅರಿವಳಿಕೆಯ ಉದ್ದಕ್ಕೂ ರೋಗಿಯ ನಾಡಿ ಮತ್ತು ಉಸಿರಾಟವನ್ನು ಆಗಾಗ ಎಣಿಸಿ ಕಾಗದದ ಮೇಲೆ ಗುರುತಿಸುವ ಕ್ರಮವನ್ನು ಅವರು ರೂಪಿಸಿದರು. ಈಥರ್ ಪಟ್ಟಿಗಳೆಂದು ಹೆಸರಾದ ಇವು ಅರಿವಳಿಕೆಯ ದಾಖಲೆಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಪಟ್ಟಿ ಬರೆಯಬೇಕಾದವನು ರೋಗಿಯ ಮೇಲಿಂದ ಗಮನವನ್ನು ಕದಲಿಸುವಂತಿಲ್ಲ ಎಂಬುದೇ ಇದರ ಮುಖ್ಯ ಪ್ರಯೋಜನವಾಗಿತ್ತು.

ಬರ್ನ್ ನಗರದ ಪ್ರಯೋಗಗಳು

1896ರಲ್ಲಿ ಕುಶಿಂಗ್ ಅವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರ ಕೈಕೆಳಗೆ ಸೇರಿದರು. 1900ರಲ್ಲಿ ಹೆಚ್ಚಿನ ಅಧ್ಯಯನಕ್ಕಾಗಿ ಯೂರೋಪಿಗೆ ತೆರಳಿದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಶಸ್ತ್ರವೈದ್ಯ ಥಿಯೋಡರ್ ಕೋಖರ್ ಮತ್ತು ಶರೀರಶಾಸ್ತ್ರಜ್ಞ ಹ್ಯೂಗೋ ಕ್ರೋನೆಕರ್ ಅವರ ಮಾರ್ಗದರ್ಶನದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದರು. ತಲೆಬುರುಡೆಯೊಳಗಿನ ಒತ್ತಡವನ್ನು ಹಂತಹಂತವಾಗಿ ಹೆಚ್ಚಿಸುತ್ತಾ, ಪ್ರತಿ ಹಂತದಲ್ಲಿಯೂ ರಕ್ತದೊತ್ತಡವು ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಿದರು.

ತಲೆಬುರುಡೆಯು ಗಟ್ಟಿಯಾದ ಮೂಳೆಯ ಪೆಟ್ಟಿಗೆ. ಒಳಗೆ ರಕ್ತ ಸೋರಿದರೆ, ಗಡ್ಡೆ ಬೆಳೆದರೆ ಅಥವಾ ಮಿದುಳು ಊದಿಕೊಂಡರೆ ಅದು ಹಿಗ್ಗಲಾರದು. ಒಳಗಿನ ಒತ್ತಡವು ರಕ್ತದೊತ್ತಡದ ಮಟ್ಟವನ್ನು ತಲುಪಿದಾಗ ಮಿದುಳಿಗೆ ರಕ್ತ ಹರಿಯುವುದು ಕುಂಠಿತವಾಗುತ್ತದೆ. ಉಸಿರಾಟ ಮತ್ತು ರಕ್ತಪರಿಚಲನೆಯನ್ನು ನಿಯಂತ್ರಿಸುವ ಮಿದುಳಕಾಂಡದ ಕೇಂದ್ರಗಳಿಗೆ ರಕ್ತ ಸಾಲದಾದಾಗ ಅವು ದೇಹದ ರಕ್ತನಾಳಗಳು ಸಂಕುಚಿತವಾಗುವಂತೆ ಮಾಡುತ್ತವೆ. ಇದರಿಂದ ರಕ್ತದೊತ್ತಡವು ತಲೆಬುರುಡೆಯೊಳಗಿನ ಒತ್ತಡವನ್ನು ಮೀರಿ ಏರಿ, ಮಿದುಳಿಗೆ ಮತ್ತೆ ರಕ್ತ ಹರಿಯುತ್ತದೆ. ಒಳಗಿನ ಒತ್ತಡವನ್ನು ಇನ್ನಷ್ಟು ಹೆಚ್ಚಿಸಿದರೆ ರಕ್ತದೊತ್ತಡವೂ ಇನ್ನಷ್ಟು ಮೇಲೇರುತ್ತದೆ. ಹೀಗೆ ಏರಿದ ರಕ್ತದೊತ್ತಡ, ನಿಧಾನಗೊಂಡ ನಾಡಿ ಮತ್ತು ಕ್ರಮ ತಪ್ಪಿದ ಉಸಿರಾಟ ಎಂಬ ಮೂರು ಲಕ್ಷಣಗಳು ಒಟ್ಟಾಗಿ ಕಂಡರೆ ಅದನ್ನು ಕುಶಿಂಗ್ ತ್ರಿಲಕ್ಷಣ ಎನ್ನುತ್ತಾರೆ.

ಇಲ್ಲಿ ರಕ್ತದೊತ್ತಡದ ಏರಿಕೆಯು ಮಿದುಳನ್ನು ಉಳಿಸಿಕೊಳ್ಳಲು ದೇಹವು ಮಾಡುವ ಕಡೆಯ ಪ್ರಯತ್ನ. ತಲೆಗೆ ಪೆಟ್ಟಾದ ರೋಗಿಯಲ್ಲಿ ಇದನ್ನು ಕಂಡು ರಕ್ತದೊತ್ತಡವನ್ನಷ್ಟೇ ತಗ್ಗಿಸಿದರೆ ಮಿದುಳಿಗೆ ರಕ್ತ ದೊರೆಯದೆ ಪ್ರಾಣಾಪಾಯವಾಗಬಹುದು. ತಲೆಬುರುಡೆಯೊಳಗಿನ ಒತ್ತಡವನ್ನು ಇಳಿಸುವುದೇ ನಿಜವಾದ ಚಿಕಿತ್ಸೆ.

ರಕ್ತದೊತ್ತಡ ಮಾಪಕ

1901ರಲ್ಲಿ ಕುಶಿಂಗ್ ಅವರು ಇಟಲಿಯ ಪಾವಿಯಾ ನಗರಕ್ಕೆ ಭೇಟಿ ನೀಡಿದರು. ಶಿಪಿಯೋನೆ ರಿವಾ-ರೋಚಿ ಎಂಬ ವೈದ್ಯರು 1896ರಲ್ಲಿ ಪ್ರಕಟಿಸಿದ್ದ ರಕ್ತದೊತ್ತಡ ಮಾಪಕವು ಅಲ್ಲಿನ ಆಸ್ಪತ್ರೆಯಲ್ಲಿ ನಿತ್ಯ ಬಳಕೆಯಲ್ಲಿತ್ತು. ತೋಳಿಗೆ ಸುತ್ತಿದ ರಬ್ಬರ್ ಪಟ್ಟಿಗೆ ಗಾಳಿ ತುಂಬಿ, ಮಣಿಕಟ್ಟಿನ ನಾಡಿಯು ಬೆರಳಿಗೆ ಸಿಗದಾಗುವ ಹಂತವನ್ನು ಪಾದರಸದ ಕಂಬದಲ್ಲಿ ಓದುವುದು ಇದರ ಕ್ರಮ. ಸ್ಟೆತಾಸ್ಕೋಪಿನಿಂದ ಶಬ್ದ ಆಲಿಸುವ ವಿಧಾನವನ್ನು ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ಅವರು ತಿಳಿಸಿದ್ದು 1905ರಲ್ಲಿ. ಆದುದರಿಂದ ರಿವಾ-ರೋಚಿ ಅವರ ವಿಧಾನದಲ್ಲಿ ಮೇಲಿನ ಒತ್ತಡ ಮಾತ್ರ ತಿಳಿಯುತ್ತಿತ್ತು.

ಕುಶಿಂಗ್ ಅವರು ಈ ಸಾಧನವನ್ನು ಬಾಲ್ಟಿಮೋರಿಗೆ ತಂದು ಶಸ್ತ್ರಕ್ರಿಯಾ ಕೊಠಡಿಯಲ್ಲಿ ಬಳಸತೊಡಗಿದರು. ಹಳೆಯ ಈಥರ್ ಪಟ್ಟಿಗಳಿಗೆ ರಕ್ತದೊತ್ತಡದ ರೇಖೆಯೂ ಸೇರಿತು. 1903ರಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿ, ಪ್ರತಿ ಶಸ್ತ್ರಕ್ರಿಯೆಯಲ್ಲಿಯೂ ಒತ್ತಡ ಅಳೆಯಬೇಕೆಂದು ವಾದಿಸಿದರು. ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ ಅವರೂ ಅದೇ ವರ್ಷ ಶಸ್ತ್ರಚಿಕಿತ್ಸೆಯಲ್ಲಿ ರಕ್ತದೊತ್ತಡದ ಕುರಿತು ಗ್ರಂಥ ಹೊರತಂದರು. ಆದರೆ ಹಾರ್ವರ್ಡಿನ ಶಸ್ತ್ರಚಿಕಿತ್ಸಾ ವಿಭಾಗವು ಇದನ್ನು ಪರಿಶೀಲಿಸಿ, ನುರಿತ ಬೆರಳಿನ ಸ್ಪರ್ಶವೇ ಯಂತ್ರಕ್ಕಿಂತ ಮೇಲು ಎಂಬ ಅಭಿಪ್ರಾಯಕ್ಕೆ ಬಂದಿತು. ಮುಂದಿನ ದಶಕಗಳಲ್ಲಿ ಈ ಸಾಧನವೇ ಎಲ್ಲೆಡೆ ನೆಲೆಗೊಂಡಿತು. ಇಂದು ಅರಿವಳಿಕೆಯಲ್ಲಿರುವ ರೋಗಿಯ ರಕ್ತದೊತ್ತಡವನ್ನು ಕನಿಷ್ಠ 5 ನಿಮಿಷಕ್ಕೊಮ್ಮೆ ಅಳೆಯುವುದು ಸ್ವೀಕೃತ ನಿಯಮವಾಗಿದೆ.

ಶಸ್ತ್ರಕ್ರಿಯೆ ಮತ್ತು ಏರುವ ರಕ್ತದೊತ್ತಡ

ಹೀಗೆ ಅಳೆಯುವ ಪದ್ಧತಿ ಬೆಳೆದಂತೆ, ಶಸ್ತ್ರಕ್ರಿಯೆಯ ಆಸುಪಾಸಿನಲ್ಲಿ ರಕ್ತದೊತ್ತಡ ಏರಲು ಹಲವು ಕಾರಣಗಳಿರುವುದು ತಿಳಿದುಬಂತು. ಭಯ ಮತ್ತು ನೋವು ಅನುವೇದಕ ನರಮಂಡಲವನ್ನು ಕೆರಳಿಸುತ್ತವೆ; ಅಡ್ರಿನಲಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗಿ ಹೃದಯದ ಬಡಿತ ಹೆಚ್ಚುತ್ತದೆ, ರಕ್ತನಾಳಗಳು ಕುಗ್ಗುತ್ತವೆ. ಮೊದಲೇ ರಕ್ತದೊತ್ತಡವಿದ್ದವರಲ್ಲಿ ಈ ಏರಿಕೆ ಇನ್ನೂ ತೀವ್ರ. ಕ್ಲೋನಿಡಿನ್‌ನಂತಹ ಔಷಧವನ್ನು ಹಠಾತ್ತನೆ ನಿಲ್ಲಿಸಿದರೂ ಒತ್ತಡ ಜಿಗಿಯಬಹುದು. ಉಸಿರಾಟಕ್ಕಾಗಿ ಗಂಟಲಿನ ಮೂಲಕ ಕೊಳವೆ ಇಳಿಸುವ ಕ್ಷಣ, ಅರಿವಳಿಕೆ ಸಾಲದಾಗುವುದು, ಆಮ್ಲಜನಕದ ಕೊರತೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದು – ಇವು ಶಸ್ತ್ರಕ್ರಿಯೆಯ ವೇಳೆಯ ಕಾರಣಗಳು. ಎಚ್ಚರಗೊಂಡ ಮೇಲೆ ಗಾಯದ ನೋವು, ಚಳಿನಡುಕ, ತುಂಬಿದ ಮೂತ್ರಕೋಶ ಮತ್ತು ರಕ್ತನಾಳದ ಮೂಲಕ ಅತಿಯಾಗಿ ನೀಡಿದ ದ್ರವ ಕಾರಣವಾಗಬಹುದು. ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯ ಗಡ್ಡೆಯೊಂದನ್ನು ಮುಟ್ಟಿದೊಡನೆ ಒತ್ತಡ ವಿಪರೀತ ಏರುವುದುಂಟು. ನೋವಿಗೆ ನೋವು ನಿವಾರಕ, ತುಂಬಿದ ಮೂತ್ರಕೋಶಕ್ಕೆ ಅದನ್ನು ಬರಿದು ಮಾಡುವುದು, ಹೀಗೆ ಕಾರಣಕ್ಕೆ ತಕ್ಕಂತೆ ಪರಿಹಾರವೂ ಬೇರೆ.

1902ರಲ್ಲಿಯೇ ಕುಶಿಂಗ್ ಅವರು, ಅಂಗಚ್ಛೇದನಕ್ಕೆ ಮುನ್ನ ದೊಡ್ಡ ನರಗಳಿಗೆ ಕೊಕೇನ್ ಚುಚ್ಚಿ, ಗಾಯದ ಪ್ರಚೋದನೆಗಳು ಮಿದುಳನ್ನು ತಲುಪದಂತೆ ತಡೆದರೆ ರೋಗಿಗೆ ಆಗುವ ಆಘಾತ ಕಡಿಮೆಯಾಗುವುದೆಂದು ತೋರಿಸಿದ್ದರು.

ಬಾಸ್ಟನ್ನಿನ ವರ್ಷಗಳು

1912ರಲ್ಲಿ ಪಿಟ್ಯುಟರಿ ಗ್ರಂಥಿಯ ರೋಗಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅನಂತರ ಅವರು ಹಾರ್ವರ್ಡಿನ ಪ್ರಾಧ್ಯಾಪಕರಾಗಿಯೂ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾಗಿಯೂ 1932ರವರೆಗೆ ಸೇವೆ ಸಲ್ಲಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡಿದರು. ಮಿದುಳಿಗೆ ಗಾಯವಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದ ಕಾಲದಲ್ಲಿ, ಅವರ ತಂಡದ ಕ್ರಮಗಳಿಂದ 1917ರಲ್ಲಿ ಆ ಪ್ರಮಾಣವು ಶೇಕಡಾ 30ರ ಕೆಳಗಿಳಿಯಿತು.

ರಕ್ತಸ್ರಾವ ತಡೆಯಲು 1911ರಲ್ಲಿ ಬೆಳ್ಳಿಯ ಪುಟ್ಟ ಹಿಡಿಕೆಗಳನ್ನೂ, 1926ರಲ್ಲಿ ವಿಲಿಯಂ ಬೋವಿ ಅವರು ರೂಪಿಸಿದ ವಿದ್ಯುತ್ ಸಾಧನವನ್ನೂ ಬಳಕೆಗೆ ತಂದರು. 1931ರಲ್ಲಿ ಅವರು ನಡೆಸಿದ ಮಿದುಳುಗಡ್ಡೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ 2,000 ಮುಟ್ಟಿತು.

1932ರಲ್ಲಿ ಪಿಟ್ಯುಟರಿ ಗ್ರಂಥಿಯ ಚಿಕ್ಕ ಗಡ್ಡೆಯಿಂದ ಬರುವ ರೋಗವೊಂದನ್ನು ವಿವರಿಸಿದರು. ಮುಖ ದುಂಡಗಾಗುವುದು, ನಡುಭಾಗದಲ್ಲಿ ಕೊಬ್ಬು ಶೇಖರಗೊಳ್ಳುವುದು, ಮೂಳೆ ಸವೆಯುವುದು ಮತ್ತು ಅಧಿಕ ರಕ್ತದೊತ್ತಡ ಇದರ ಲಕ್ಷಣಗಳು. ಈ ಗಡ್ಡೆಯ ಪ್ರಚೋದನೆಯಿಂದ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತವೆ ಎಂಬುದು ಮುಂದೆ ತಿಳಿಯಿತು. ಇದು ಈಗ ಕುಶಿಂಗ್ ಕಾಯಿಲೆ ಎಂದು ಪ್ರಸಿದ್ಧವಾಗಿದೆ.

ವ್ಯಕ್ತಿತ್ವ ಮತ್ತು ಕುಟುಂಬ

ಕುಶಿಂಗ್ ಅವರು ರೋಗಿಗಳ ಬಗ್ಗೆ ಅತ್ಯಂತ ಕಾಳಜಿಯುಳ್ಳವರು. ಸಹಾಯಕರ ವಿಷಯದಲ್ಲಿ ಮಾತ್ರ ಕಟುನಿಷ್ಠುರರು. ಒಳ್ಳೆಯ ಚಿತ್ರಗಾರರಾಗಿದ್ದು, ತಾವು ನಡೆಸಿದ ಶಸ್ತ್ರಕ್ರಿಯೆಗಳ ಚಿತ್ರಗಳನ್ನು ತಾವೇ ಬರೆಯುತ್ತಿದ್ದರು. ವೈದ್ಯ ವಿಲಿಯಂ ಆಸ್ಲರ್ ಅವರನ್ನು ಕುರಿತ ಜೀವನಚರಿತ್ರೆಗೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಲಭಿಸಿತು. 1902ರಲ್ಲಿ ಕ್ಯಾಥರಿನ್ ಕ್ರೊವೆಲ್ ಅವರನ್ನು ವಿವಾಹವಾದರು. ಐವರು ಮಕ್ಕಳಲ್ಲಿ ಹಿರಿಯ ಮಗ ವಿಲಿಯಂ 1926ರಲ್ಲಿ ಕಾರು ಅಪಘಾತದಲ್ಲಿ ಮೃತನಾದನು.

ನಿಧನ ಮತ್ತು ಪರಂಪರೆ

1933ರಲ್ಲಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ಮರಳಿದ ಕುಶಿಂಗ್ ಅವರು, ಹೃದಯಾಘಾತದಿಂದ ನ್ಯೂ ಹೇವನ್ ನಗರದಲ್ಲಿ ನಿಧನರಾದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮಿದುಳಿನಲ್ಲಿಯೂ ಒಂದು ಚಿಕ್ಕ ಗಡ್ಡೆ ಕಂಡುಬಂದಿತು. ಅವರ ಅಪೂರ್ವ ಗ್ರಂಥಸಂಗ್ರಹವು ಯೇಲ್ ವಿಶ್ವವಿದ್ಯಾನಿಲಯಕ್ಕೆ ಸೇರಿತು.

ಅವರ ಕೈಕೆಳಗೆ ಕೆಲಸ ಮಾಡಿದ್ದ ವೈಲ್ಡರ್ ಪೆನ್‌ಫೀಲ್ಡ್ ಅವರು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನರವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ತರಬೇತಿ ಪಡೆದ ಜೇಕಬ್ ಚಾಂಡಿ ಅವರು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು.