ಕಾರ್ಮಿಕರ 'ಮೋಟಾಬೆನ್' ಅನಸೂಯಾ ಸಾರಾಭಾಯಿ

ಅನಸೂಯಾ ಸಾರಾಭಾಯಿ ಅವರು 1885ರ ನವೆಂಬರ್ 11ರಂದು ಅಹಮದಾಬಾದಿನ ಪ್ರತಿಷ್ಠಿತ ಜೈನ ಮನೆತನದಲ್ಲಿ ಜನಿಸಿದರು. ಅವರದು ಬಟ್ಟೆ ಗಿರಣಿಗಳ ಒಡೆತನದ ಕುಟುಂಬ. ಒಂಬತ್ತನೆಯ ವಯಸ್ಸಿಗೇ ತಂದೆತಾಯಿಯರನ್ನು ಕಳೆದುಕೊಂಡರು. ಹದಿಮೂರರಲ್ಲಿ ಆದ ಮದುವೆ ಉಳಿಯಲಿಲ್ಲ. ತಮ್ಮ ಅಂಬಾಲಾಲರ ನೆರವಿನಿಂದ 1912ರಲ್ಲಿ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. ಆ ಓದಿನಲ್ಲಿ ಪ್ರಾಣಿಗಳನ್ನು ಕೊಯ್ಯಬೇಕಿತ್ತು. ಅದು ಅಹಿಂಸಾಧರ್ಮಕ್ಕೆ ಒಪ್ಪದೆಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು.

ಊರಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ, ಬಳಲಿ ಬೆಂಡಾಗಿ ಮನೆಗೆ ಹೋಗುತ್ತಿದ್ದ ಹೆಣ್ಣಾಳುಗಳನ್ನು ಕಂಡರು. ಅವರು ಸತತ 36 ಗಂಟೆ ದುಡಿದು ಬರುತ್ತಿದ್ದರು. ಕಾರ್ಮಿಕರ ಮಕ್ಕಳಿಗೆ ಶಾಲೆ, ತಾಯಂದಿರು ಕೆಲಸದಲ್ಲಿರುವಾಗ ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ಹೆಂಗಸರಿಗೆ ಶೌಚಾಲಯ ಮುಂತಾದ ಸೌಕರ್ಯಗಳಿಗಾಗಿ ಅವರು ದುಡಿಯತೊಡಗಿದರು. ಆದರೆ ಕೂಲಿ ಸಾಲದಿದ್ದರೆ ಸೌಕರ್ಯಗಳಷ್ಟರಿಂದಲೇ ಬದುಕು ಸಾಗದೆಂಬುದೂ ಅವರಿಗೆ ಬೇಗ ಮನವರಿಕೆಯಾಯಿತು.

1917ರಲ್ಲಿ ನಗರಕ್ಕೆ ಪ್ಲೇಗ್ ಬಂದಿತು. ನೇಕಾರರು ಊರು ಬಿಡದಿರಲೆಂದು ಮಾಲೀಕರು ಕೂಲಿಯ ಶೇ. 70-80ರವರೆಗೂ ಪ್ಲೇಗ್ ಬೋನಸ್ ಕೊಟ್ಟರು. ಜೀವಭಯದ ನಡುವೆಯೂ ಮಗ್ಗಗಳು ನಿಲ್ಲಲಿಲ್ಲ. ರೋಗ ಇಳಿಯುತ್ತಲೇ ಬೋನಸ್ಸೂ ನಿಂತಿತು. ಯುದ್ಧಕಾಲದ ಬೆಲೆಯೇರಿಕೆ ಮಾತ್ರ ನಿಲ್ಲಲಿಲ್ಲ. ನೇಕಾರರು ಶೇ. 50 ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕೆ ನಿಂತರು. ಲೆಕ್ಕಪತ್ರ ಪರಿಶೀಲಿಸಿದ ಗಾಂಧೀಜಿ ಶೇ. 35 ನ್ಯಾಯವೆಂದರು.

1918ರ ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾಲೀಕರ ಮುಂದಾಳು ಸ್ವಂತ ತಮ್ಮ ಅಂಬಾಲಾಲರೇ ಆಗಿದ್ದರು. ಅಕ್ಕ ಕಾರ್ಮಿಕರ ಪಕ್ಷ ಬಿಡಲಿಲ್ಲ. ಸಾಬರಮತಿ ದಡದ ಜಾಲಿಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ಹಸಿವಿನಿಂದ ಕಾರ್ಮಿಕರ ಧೈರ್ಯ ಕುಂದಿದಾಗ ಗಾಂಧೀಜಿ ಉಪವಾಸ ಕೈಗೊಂಡರು. ಮಾರ್ಚ್ 18ರಂದು ರಾಜಿಯಾಯಿತು. ಮೊದಲ ದಿನ ಶೇ. 35, ಮರುದಿನ ಶೇ. 20, ನಂತರ ತೀರ್ಪಿನವರೆಗೆ ಶೇ. 27.5 ಹೆಚ್ಚಳವೆಂದು ಒಪ್ಪಂದ. ಪಂಚರಾದ ಆನಂದಶಂಕರ ಧ್ರುವ ಅವರು ಕೊನೆಗೆ ಶೇ. 35ನ್ನೇ ಕೊಡಿಸಿದರು.

1920ರಲ್ಲಿ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಕೂಲಿಯಿರಲಿ, ಗಿರಣಿಯೊಳಗಿನ ತೊಂದರೆಯಿರಲಿ, ಮಾಲೀಕರೊಡನೆ ಕೂತು ಮಾತಾಡಿ, ಬಗೆಹರಿಯದಿದ್ದರೆ ಪಂಚಾಯಿತಿಗೆ ಒಪ್ಪಿಸುವುದು ಅದರ ದಾರಿ. ನ್ಯಾಯವಾದ ಕೂಲಿ ಮತ್ತು ಮನುಷ್ಯರಂತೆ ನಡೆಸಿಕೊಳ್ಳುವ ಕೆಲಸದ ಜಾಗ, ಇವೆರಡೂ ಇದ್ದಲ್ಲಿ ದುಡಿಯುವ ಕೈಗೂ ಗಿರಣಿಗೂ ಕ್ಷೇಮವೆಂಬುದನ್ನು ಅನಸೂಯಾ ಅವರು ಬದುಕಿನುದ್ದಕ್ಕೂ ನಂಬಿ ನಡೆದರು. ಕಾರ್ಮಿಕರು ಅವರನ್ನು ಪ್ರೀತಿಯಿಂದ ಮೋಟಾಬೆನ್, ಅಂದರೆ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಅವರು 1972ರಲ್ಲಿ ನಿಧನರಾದರು. ಅದೇ ವರ್ಷ ಆ ಸಂಘದ ಮಹಿಳಾ ವಿಭಾಗದಿಂದ ಇಳಾ ಭಟ್ ಅವರ 'ಸೇವಾ' ಸಂಸ್ಥೆ ಹುಟ್ಟಿಕೊಂಡಿತು.